ಇಪ್ಪತ್ತಾರು ಸೋರೆಕಾಯಿ

...ಇಲ್ಲ ಇಲ್ಲ, ನಿನ್ನ ಕ್ರೇಟುಗಳಿಗೇನು ಕಾಲು ಬಂದಿಲ್ಲ, ಅಲ್ಲೇ ಬಾಗಿಲ ಹಿಂದೆ ಒಂದರ ಮೇಲೊಂದು ಕೂತಿವೆ. ತೊಳೆದು ಒಣಗಿಸಿಟ್ಟಿದ್ದೀನಿ. ನೀನು ಮೊದಲು ಕೂತ್ಕೋ. ಆ ಸ್ಟೂಲ್ ಬೇಡ, ಅದರ ಒಂದು ಕಾಲು ಗಿಡ್ಡ, ಇನ್ಸ್‌ಪೆಕ್ಟರ್ ಬಂದಾಗ ಕೂರಿಸೋಕೆ ಅಂತ ಇಟ್ಕೊಂಡಿರೋದು. ಈ ಕಡೆ ಬಾ, ಅಕ್ಕಿ ಡ್ರಮ್ಮಿನ ಮೇಲೆ ಕೂತ್ಕೋ. ಮುರಿಯಲ್ಲ ಕಣೆ, ನಾನೇ ಕೂರ್ತೀನಿ ಅದರ ಮೇಲೆ ದಿನಾ, ನೀನು ನನ್ನಲ್ಲಿ ಅರ್ಧ ಇದ್ದೀಯ.

ಅತ್ತಿಗೆ ಇರೋ ಕಡೆ ಬಂದು ನಿಂತ ಕಾಲಲ್ಲೇ ಹೋಗ್ತೀನಿ ಅಂತೀಯಲ್ಲ. ಇದು ಮನೆಯಲ್ಲ, ಶಾಲೆ ಅಡುಗೆಮನೆ, ಅದೂ ಗೊತ್ತು. ಆದರೆ ಹತ್ತೊಂಬತ್ತು ವರ್ಷದಿಂದ ಬೆಳಿಗ್ಗೆ ಆರೂವರೆಗೆ ಬಂದು ಸಂಜೆ ನಾಲ್ಕಕ್ಕೆ ಹೋಗೋಳು ನಾನು. ನಿಮ್ಮಣ್ಣನ ಜೊತೆ ಇದ್ದದ್ದಕ್ಕಿಂತ ಈ ಒಲೆ ಜೊತೆ ಇದ್ದದ್ದೇ ಜಾಸ್ತಿ. ಒಲೆನೇ ವಾಸಿ. ಒಂದು ದಿನವೂ ಆಲೂಗಡ್ಡೆನೇ ಬೇಕು ಅಂತ ಹಟ ಹಿಡಿದಿಲ್ಲ.

ನಕ್ಕೆ ನೀನು. ನೋಡಿದೆ ಬಿಡು, ಕೈ ಅಡ್ಡ ಇಟ್ಟರೆ ಕಾಣಲ್ವಾ? ಎರಡು ದಿನದಿಂದ ಆ ಮುಖ ಗಂಟಿಕ್ಕಿಕೊಂಡು ಓಡಾಡ್ತಿದ್ದೆಯಂತೆ, ನಿಮ್ಮಣ್ಣ ಹೇಳಿದರು. ತಂಗಿ ಬೇಲಿ ಹತ್ತಿರ ಸಿಕ್ಕಿದಳು, ಮಾತೇ ಆಡಲಿಲ್ಲ ಅಂದರು. ಅದರಲ್ಲೇನು ಹೊಸದು ಅಂದೆ ನಾನು.

ಅಲ್ವಾ ಮತ್ತೆ? ನಾನು ಮದುವೆಯಾಗಿ ಬಂದಾಗ ನಿನಗೆ ಒಂಬತ್ತು ವರ್ಷ. ಮೂರು ದಿನ ನಿನಗೆ ಮಾತು ಬರಲ್ಲ ಅಂತಲೇ ತಿಳ್ಕೊಂಡಿದ್ದೆ. ಪಾಪ ಅಂತ ಕೈಸನ್ನೆಯಲ್ಲೇ ಮಾತಾಡಿಸ್ತಿದ್ದೆ. ಊಟ ಆಯ್ತಾ, ನೀರು ಬೇಕಾ, ಎಲ್ಲ ಸನ್ನೆಯಲ್ಲೇ. ನಾಲ್ಕನೇ ದಿನ ನೀನು ನಿಮ್ಮಣ್ಣನ ಹತ್ತಿರ ಹೋಗಿ ಕಿವಿಯಲ್ಲಿ ಕೇಳಿದೆಯಂತೆ, ಅತ್ತಿಗೆ ಮೂಗಿನಾ ಅಂತ. ಆಮೇಲಿಂದ ಇವತ್ತಿನವರೆಗೂ ಆ ಅನುಮಾನ ನಿನಗೆ ಬರದ ಹಾಗೆ ನೋಡ್ಕೊಂಡಿದ್ದೀನಿ.

ತಗೋ, ಟೀ. ಬಿಸಿ ಇದೆ, ಲೋಟದ ಅಂಚು ಹಿಡ್ಕೋ.

ಯಾಕೆ? ಯಾಕೆ ಮುಖ ಹಾಗೆ ಮಾಡಿದೆ? ಸಕ್ಕರೆ ಜಾಸ್ತಿ ಆಯ್ತಾ... ಇರಬಹುದು. ಮಾತಾಡ್ತಾ ಮಾತಾಡ್ತಾ ಎಷ್ಟು ಚಮಚ ಹಾಕಿದೆನೋ. ನನಗೇನೋ ಸರಿಯಾಗೇ ಇದೆ. ಕುಡಿ, ಒಂದು ದಿನ ಸಿಹಿ ಜಾಸ್ತಿಯಾದರೆ ಏನೂ ಆಗಲ್ಲ. ನೀನು ಹೇಗೂ ಬಾಯಿ ಬಿಟ್ಟು ದೂರೋಳಲ್ಲ. ಅದೇ ನಿನ್ನಲ್ಲಿ ನನಗೆ ಇಷ್ಟ ಆಗೋದು.

ಗಡಿಯಾರ ನೋಡ್ಬೇಡ. ಮೀಟಿಂಗು ಮೂರಕ್ಕೆ. ಇನ್ನೂ ಎರಡು ಗಂಟೆ ಕೂಡ ಆಗಿಲ್ಲ. ಶನಿವಾರ ಅಲ್ವಾ, ಮಕ್ಕಳು ಹನ್ನೊಂದಕ್ಕೇ ಹೋದರು. ಮೇಲೆ ದೊಡ್ಡ ಕೋಣೆಯಲ್ಲಿ ಆಗಲೇ ಕುರ್ಚಿ ಎಳೆಯೋ ಸದ್ದು, ಕೇಳಿಸ್ತಿದೆಯಾ? ಅಪ್ಪ ಅಮ್ಮಂದಿರೆಲ್ಲ ಬರ್ತಾರಂತೆ. ಮಕ್ಕಳ ಹಾಜರಿ ಕೇಳೋಕೆ ಕರೆದರೆ ನಾಲ್ಕು ಜನ ಬರಲ್ಲ, ಈಗ ನೋಡು, ಅರವತ್ತು ಕುರ್ಚಿ ಹಾಕಿಸ್ತಿದ್ದಾರೆ. ನೀನು... ನೀನು ಮೇಲೆ ಬರೋದಿಲ್ಲ ಅಲ್ವಾ? ಕ್ರೇಟು ತಗೊಂಡು ಹಾಗೇ ಹೋಗೋದು ಅಂತ ತಾನೆ?

ಅದೇ ಒಳ್ಳೇದು. ಬಂದು ಏನ್ಮಾಡ್ತೀಯ. ಅಷ್ಟು ಜನರ ಮುಂದೆ ನಿನ್ನ ಬಾಯಿಂದ ಒಂದು ಮಾತು ಬರೋದ್ರೊಳಗೆ ಮೀಟಿಂಗು ಮುಗಿದು ಗೇಟು ಹಾಕಿರ್ತಾರೆ.

ಇದೆಲ್ಲ ಶುರುವಾದ ದಿನ ನೆನಪಿದೆಯಾ? ಹೋದ ವರ್ಷ, ಹೊಸ ದೊಡ್ಡ ಮೇಡಂ ಬಂದ ಹೊಸತು. ನನ್ನನ್ನೂ ನನ್ನ ಜೊತೆ ಮಾಡೋ ಚಿಕ್ಕಡುಗೆಯವಳನ್ನೂ ಕರೆದು ಮೇಜಿನ ಮೇಲೆ ಒಂದು ಕ್ಯಾರೆಟ್ ಇಟ್ಟರು. ಇದು ಎಷ್ಟು ದೂರದಿಂದ ಬಂದಿದೆ ಗೊತ್ತಾ ಅಂತ ಕೇಳಿದರು. ನನಗೇನು ಗೊತ್ತು, ನಾನೇನು ಟಿಕೆಟು ಕೊಟ್ಟಿದ್ದೀನಾ? ಲಾರಿಯಲ್ಲಿ ಎರಡು ದಿನ, ಐಸಿನ ಕೋಣೆಯಲ್ಲಿ ಒಂದು ತಿಂಗಳು ಅಂದರು. ಇಲ್ಲೇ ಹಳ್ಳದ ಪಕ್ಕ ಹೊಲ ಇಟ್ಕೊಂಡವರು ಬೆಳೆದದ್ದನ್ನ ಮಾರೋಕೆ ಅಲೀತಾರೆ, ನಮ್ಮ ಮಕ್ಕಳು ಡಬ್ಬಿಯಲ್ಲಿ ತುಂಬಿ ಬಂದದ್ದು ತಿಂತಾರೆ. ಇನ್ನು ಮೇಲೆ ಇಲ್ಲಿ ಏನು ಬೆಳೆಯುತ್ತೋ, ಯಾವ ತಿಂಗಳು ಬೆಳೆಯುತ್ತೋ, ಅದೇ ತಟ್ಟೆಗೆ ಅಂದರು.

ನಾನು ಮೂಗು ಮುರಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಮುರಿದೆ. ಮೇಡಂ, ಡಬ್ಬಿ ಟೊಮೆಟೊಗೆ ಮುನಿಸಿಲ್ಲ ಅಂದೆ. ಹನ್ನೆರಡು ಡಬ್ಬಿ, ಎರಡು ಹಿಡಿ ಉಪ್ಪು, ಒಂದು ಸೌಟು ಸಕ್ಕರೆ. ಜನವರಿಯಲ್ಲೂ ಅದೇ, ಜೂನಲ್ಲೂ ಅದೇ. ಕಣ್ಣು ಮುಚ್ಕೊಂಡು ಮಾಡ್ತೀನಿ. ಹೊಲದ ಟೊಮೆಟೊ ಹಾಗಲ್ಲ, ಒಂದು ವಾರ ಹುಳಿ, ಒಂದು ವಾರ ಸಿಹಿ, ಮಳೆ ಬಂದರೆ ನೀರು. ಅದರ ಮನಸ್ಸು ತಿಳ್ಕೊಂಡು ಅಡುಗೆ ಮಾಡೋಕೆ ನಾನೇನು ಅದನ್ನ ಮದುವೆ ಆಗಿದ್ದೀನಾ ಅಂದೆ.

ಅವರು ನಕ್ಕುಬಿಟ್ಟರು. ನೀವು ಹದಿನೆಂಟು ವರ್ಷದ ಅಡುಗೆಯವರು, ನಿಮ್ಮ ನಾಲಿಗೆ ಮೇಲೆ ನನಗೆ ನಂಬಿಕೆ ಇದೆ ಅಂದರು.

ಹೂಂ. ಹಾಗಂದರು.

ಆಮೇಲೆ ಯಾರ್ಯಾರು ಬೆಳೀತಾರೆ ಅಂತ ಹುಡುಕಿದಾಗ ನಿನ್ನ ಹೆಸರು ಹೇಳಿದ್ದು ನಾನಲ್ಲ ಕಣೆ, ತಪ್ಪು ತಿಳ್ಕೋಬೇಡ. ನಿಮ್ಮಣ್ಣ ಹೇಳಿದ್ದು. ನಾನಾಗಿದ್ದರೆ, ಅವಳ ಹತ್ತಿರ ಬದನೆಕಾಯಿ ಎಷ್ಟಿದೆ ಅಂತ ಕೇಳೋಕೆ ಬೆಳಿಗ್ಗೆ ಹೋದರೆ ಉತ್ತರ ಬರೋ ಹೊತ್ತಿಗೆ ಬದನೆಕಾಯಿ ಬಲಿತಿರುತ್ತೆ ಅಂತಿದ್ದೆ.

ಆದರೂ ಒಂದು ಮಾತು ಒಪ್ಕೋಬೇಕು. ಮಕ್ಕಳು ತಿಂದರು. ಮೊದಲ ಸಲ ಬಟಾಣಿ ತಂದೆಯಲ್ಲ, ಸಿಪ್ಪೆ ಸಮೇತ ನಾಲ್ಕು ಮೂಟೆ. ಮೇಡಂ ಒಂದನೇ ಕ್ಲಾಸಿನವರನ್ನ ಕೂರಿಸಿ ಬಿಡಿಸೋಕೆ ಹೇಳಿದರು. ಅರ್ಧ ಪಾತ್ರೆಗೆ ಬಿತ್ತು, ಅರ್ಧ ಹೊಟ್ಟೆಗೆ. ಒಬ್ಬಳು ಚೋಟುದ್ದ ಇದ್ದಾಳೆ, ಅವಳ ಸಿಪ್ಪೆಯಲ್ಲಿ ಒಂದು ಹಸಿರು ಹುಳ ಸಿಕ್ಕಿತು. ಕಿರುಚಲಿಲ್ಲ, ಏನಿಲ್ಲ. ಅಂಗೈ ಮೇಲೆ ಇಟ್ಕೊಂಡು ನನ್ನ ಹತ್ತಿರ ಬಂದು, ಸೌಟಜ್ಜಿ, ಇದಕ್ಕೂ ಊಟ ಇಲ್ಲೇನಾ ಅಂತ ಕೇಳಿದಳು. ಸೌಟಜ್ಜಿ ಅಂತೆ. ಐವತ್ತೆಂಟು ವರ್ಷಕ್ಕೆ ಅಜ್ಜಿ ಮಾಡಿಬಿಟ್ಟವು. ನಿನ್ನನ್ನ ಮಾತ್ರ ತೋಟದತ್ತೆ ಅಂತವೆ. ನಲವತ್ತೆರಡಾದರೂ ನೀನು ಅತ್ತೆ, ನಾನು ಅಜ್ಜಿ. ಮಾತಾಡದೇ ಇದ್ದರೆ ವಯಸ್ಸು ಕಾಣಲ್ಲ ಅಂತ ಕಾಣುತ್ತೆ.

ಆ ಕುಂಬಳಕಾಯಿ... ಹಾಂ, ಅದಕ್ಕೆ ನಗ್ತೀಯ ಅಂತ ಗೊತ್ತಿತ್ತು. ತಳ್ಳೋ ಗಾಡಿಯಲ್ಲಿ ಹಾಕ್ಕೊಂಡು ನೀನು ಗೇಟಲ್ಲಿ ಬಂದಾಗ ಇಡೀ ಶಾಲೆ ಕಿಟಕಿಯಲ್ಲಿ ಇತ್ತು. ಆ ಹೊಟ್ಟೆ ನೋಡಿ ಅದಕ್ಕೆ ಗುಮಾಸ್ತರು ಅಂತ ಹೆಸರಿಟ್ಟರು. ಎರಡು ದಿನ ಕಾರಿಡಾರಲ್ಲಿ ಇಟ್ಕೊಂಡು, ಹೋಗ್ತಾ ಬರ್ತಾ ಅದಕ್ಕೆ ನಮಸ್ಕಾರ ಸಾರ್ ಅಂತಿದ್ದರು. ಕುಯ್ದ ದಿನ ನಮ್ಮ ನಿಜವಾದ ಗುಮಾಸ್ತರು ಊಟಕ್ಕೆ ಬರಲಿಲ್ಲ. ಹಸಿವಿಲ್ಲ ಅಂತ ಹೇಳಿ ಕಳಿಸಿದರು. ಪಾಪ, ತಮ್ಮನ್ನೇ ಬಡಿಸಿದಾಗ ಹೇಗೆ ತಿಂತಾರೆ.

ತಟ್ಟೆಗಳು ಖಾಲಿ ಬರ್ತಿದ್ದವು ಕಣೆ. ಡಬ್ಬಿ ಕಾಲದಲ್ಲಿ ಎರಡು ಬಕೆಟು ಉಳೀತಿತ್ತು ದಿನಾ. ಹೊಲದ್ದು ಬಂದ ಮೇಲೆ ಅರ್ಧ ಬಕೆಟು, ಅದೂ ಸಿಪ್ಪೆ. ನಾನು ಮೊದಲ ಬೆಂಚನ್ನೇ ನೋಡ್ತಾ ನಿಂತಿರ್ತಿದ್ದೆ. ಅಲ್ಲಿ ಕೂರೋವು ಚಿಕ್ಕವು, ಅವಕ್ಕೆ ಸುಳ್ಳು ಹೇಳೋಕೆ ಬರಲ್ಲ. ಉಪ್ಪು ಕಡಿಮೆಯಾದರೆ ಚಮಚ ನಿಧಾನ ಆಗುತ್ತೆ, ಹುಳಿಯಾದರೆ ಒಂದು ಕಣ್ಣು ಮುಚ್ಚುತ್ತೆ. ಒಂದು ಬೆಂಚು ನೋಡಿದರೆ ಸಾಕು, ಉಳಿದ ಪಾತ್ರೆಗೆ ಏನು ಬೇಕು ಅಂತ ತಿಳಿಯುತ್ತೆ.

ಸರಿ. ಗುರುವಾರದ ಮಾತು ತೆಗೀತೀನಿ. ನೀನಂತೂ ತೆಗೆಯಲ್ಲ.

ತೆಗೀಬೇಡ ಅಂತ ತಲೆ ಆಡಿಸಿದರೆ ಆಗುತ್ತಾ? ಅದಕ್ಕೇ ಅಲ್ವಾ ನೀನು ಕ್ರೇಟು ತಗೊಂಡು ಹೋಗೋಕೆ ಬಂದಿರೋದು. ಸೋರೆ ಬಳ್ಳಿ ಎಲ್ಲ ಕಿತ್ತು ಹಾಕಿದೆಯಂತೆ. ನಿಮ್ಮಣ್ಣ ಹೇಳಿದರು, ಒಂದು ಸಾಲೂ ಬಿಟ್ಟಿಲ್ಲ, ಬುಡಸಮೇತ ಕಿತ್ತು ಬದುವಿನ ಮೇಲೆ ಹಾಕಿದ್ದಾಳೆ, ಎಳೇ ಕಾಯಿ ಹಾಗೇ ಬಾಡ್ತಿವೆ ಅಂತ. ಯಾಕೆ ಹಾಗೆ ಮಾಡಿದೆ? ನಾಲ್ಕು ತಿಂಗಳು ಸಾಕಿದ ಬಳ್ಳಿ...

ಗುರುವಾರ ನನ್ನ ಗ್ರಹಚಾರ ನೋಡು, ಚಿಕ್ಕಡುಗೆಯವಳು ರಜೆ. ಮಗಳಿಗೆ ಹೆರಿಗೆ ಅಂತ ಬುಧವಾರ ಸಂಜೆಯೇ ಬಸ್ಸು ಹತ್ತಿದ್ದಳು. ಇನ್ನೂರ ಹನ್ನೆರಡು ಮಕ್ಕಳಿಗೆ ನಾನೊಬ್ಬಳೇ. ಹೆಚ್ಚಬೇಕು, ಬೇಯಿಸಬೇಕು, ಬಡಿಸಬೇಕು. ಸೋರೆಕಾಯಿ ಸೂಪು, ಅನ್ನ, ಒಂದೊಂದು ಮೊಟ್ಟೆ. ಮೊದಲ ಬೆಂಚು ನೋಡ್ತಾ ನಿಲ್ಲೋಕೆ ಎಲ್ಲಿ ಪುರುಸೊತ್ತು? ಕೊನೆಯ ಬೆಂಚಿನ ಹತ್ತಿರ ಇದ್ದೆ, ಹಿಂದೆ ಯಾರೋ ಕೆಮ್ಮಿದ ಹಾಗಾಯ್ತು. ತಿರುಗಿ ನೋಡ್ತೀನಿ, ಚಿಕ್ಕವೆಲ್ಲ ತಟ್ಟೆಗೆ ಉಗೀತಿವೆ. ಹಸಿವು ಜಾಸ್ತಿ ಇದ್ದವು ನುಂಗಿಬಿಟ್ಟಿದ್ದವು. ಅರ್ಧ ಗಂಟೆಯಲ್ಲಿ ವಾಂತಿ ಶುರು. ಹನ್ನೊಂದು ಮಕ್ಕಳು. ಆ ಬಟಾಣಿ ಹುಳದ ಹುಡುಗಿ ಇದ್ದಾಳಲ್ಲ, ಅವಳನ್ನ ಟೀಚರ್‌ಗಳ ಕೋಣೆಯಲ್ಲಿ ಮಲಗಿಸಿದ್ದರು. ಹೊಟ್ಟೆ ಹಿಡ್ಕೊಂಡು ಮುದುಡಿ ಮಲಗಿದ್ದಳು. ನಾನು ಹೋಗಿ ತಲೆ ಸವರಿದೆ. ಅವಳು ಅಂದಳು, ಸೌಟಜ್ಜಿ, ಇವತ್ತು ನಿಂಗೆ ನಮ್ಮ ಮೇಲೆ ಕೋಪ ಬಂದಿತ್ತಾ ಅಂತ.

...ಸಂಜೆ ಹೊತ್ತಿಗೆ ಎಲ್ಲ ಸರಿಹೋದವು. ಡಾಕ್ಟರು ನೋಡಿ, ಏನೂ ತೊಂದರೆ ಇಲ್ಲ, ಕಹಿ ಕಾಯಿ ಹೊಟ್ಟೆಗೆ ಹೋದರೆ ಹೀಗಾಗುತ್ತೆ, ನೀರು ಕುಡಿಸಿ ಅಂದರು. ಶುಕ್ರವಾರ ಬೆಳಿಗ್ಗೆ ಆಗಲೇ ಗೇಟಿನ ಹತ್ತಿರ ಮಾತು ಬೇರೆಯಾಗಿತ್ತು. ಕಾಯಿಗೆ ಔಷಧಿ ಹೊಡೆದಿದ್ದಾಳೆ ಅಂತ ಒಬ್ಬರು. ಮಾರೋಕಾಗದ ಕಾಯಿನ ಶಾಲೆಗೆ ಸಾಗಿಸಿದ್ದಾಳೆ ಅಂತ ಇನ್ನೊಬ್ಬರು. ಡಬ್ಬಿನೇ ವಾಸಿ, ಅದರ ಮೇಲೆ ಮೊಹರು ಇರುತ್ತೆ ಅಂತ ಮತ್ತೊಬ್ಬರು. ಇವತ್ತಿನ ಮೀಟಿಂಗಲ್ಲಿ ಅದೇ ತೀರ್ಮಾನ. ನಿನ್ನನ್ನ ಬಿಡಿಸೋದೊಂದೇ ಅಲ್ಲ, ಎಲ್ಲ ಹೊಲದವರನ್ನೂ ಬಿಡಿಸಿ ಹಳೇ ಲಾರಿಗೆ ಹೋಗೋದು. ಮೇಡಂ ಮುಖ ಇಷ್ಟಾಗಿದೆ.

ನನ್ನನ್ನ ಕೇಳಿದರು. ಕೇಳದೇ ಇರ್ತಾರಾ? ರುಚಿ ಪುಸ್ತಕ ತಂದು ಮುಂದೆ ಇಟ್ಟರು. ಬಡಿಸೋಕೆ ಮುಂಚೆ ನಾನೂ ಪಾಳಿ ಮೇಷ್ಟ್ರೂ ರುಚಿ ನೋಡಿ ಸಹಿ ಹಾಕೋ ಪುಸ್ತಕ. ಪಾಳಿ ಮೇಷ್ಟ್ರು ಯಾವತ್ತೂ ದೂರದಿಂದಲೇ ಸಹಿ ಹಾಕೋರು, ಅವರ ಪೆನ್ನಿಗೇ ರುಚಿ ಗೊತ್ತಾಗುತ್ತೆ. ನನ್ನ ಸಹಿ ಇತ್ತು. ರುಚಿ ನೋಡಿದ್ರಾ ಅಂತ ಕೇಳಿದರು. ನೋಡಿದೆ ಅಂದೆ. ಕಹಿ ಇರಲಿಲ್ವಾ ಅಂದರು. ಹಸೀದಾಗ ಇರಲಿಲ್ಲ ಮೇಡಂ, ಬೆಂದ ಮೇಲೆ ಕಹಿ ಬಂದಿರಬೇಕು ಅಂದೆ.

ಹಾಗೆ ನೋಡಬೇಡ ನನ್ನ.

ಬೆಂದ ಮೇಲೆ ಕಹಿ ಬರಲ್ಲ ಅಂತ ನಿನಗೆ ಗೊತ್ತು. ಗೊತ್ತು ಕಣೆ. ನೀನು ಮಣ್ಣಲ್ಲೇ ಹುಟ್ಟಿದೋಳು. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು. ಮೇಡಂ ನಂಬಿದರು. ಪೇಟೆಯಲ್ಲಿ ಓದಿದೋರು, ಪಾಪ.

ಇನ್ನೊಂದು ಇದೆ. ಅದನ್ನೂ ನಾನೇ ಹೇಳಿಬಿಡ್ತೀನಿ, ಎರಡು ರಾತ್ರಿಯಿಂದ ನಿದ್ದೆ ಇಲ್ಲ. ಗುರುವಾರ ಬೆಳಿಗ್ಗೆ ಕಾಯಿ ಇಳಿಸಿ ನೀನು ಗಾಡಿ ತಿರುಗಿಸಿದೆ, ಗೇಟಿನವರೆಗೆ ಹೋಗಿ ಮತ್ತೆ ಬಂದೆ. ಈ ಹೊಸ್ತಿಲ ಮೇಲೆ ನಿಂತು ಹೇಳಿದೆ. ಪಂಪು ಕೆಟ್ಟು ಹನ್ನೆರಡು ದಿನ ನೀರಿರಲಿಲ್ಲ ಅತ್ತಿಗೆ, ಬಿಸಿಲಿಗೆ ಬಳ್ಳಿ ಬಳಲಿತ್ತು, ಕೆಲವು ಕಹಿಯಾಗಿರಬಹುದು, ಒಂದೊಂದನ್ನೂ ಕುಯ್ದು ನಾಲಿಗೆಗಿಟ್ಟು ನೋಡು, ಕಹಿ ಇದ್ದದ್ದನ್ನ ಎಸೆದುಬಿಡು. ವರ್ಷದಲ್ಲಿ ನೀನು ಆಡಿದ ಅತಿ ಉದ್ದದ ಮಾತು ಅದು. ನಾನು ತಮಾಷೆ ಮಾಡಿದೆ. ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ ಅಂದೆ.

ಅದನ್ನ ನೀನು ಯಾರಿಗೂ ಹೇಳಲಿಲ್ಲ. ಗೇಟಿನ ಹತ್ತಿರ ಅಷ್ಟು ಜನ ಅಷ್ಟು ಅಂದರು, ನೀನು ಒಂದು ಮಾತು, ನಾನು ಅತ್ತಿಗೆಗೆ ಹೇಳಿದ್ದೆ ಅಂತ ಒಂದೇ ಮಾತು ಅಂದಿದ್ದರೆ ಮುಗೀತಿತ್ತು. ಯಾಕೆ ಹೇಳಲಿಲ್ಲ?

ಹೂಂ. ಕಾಲ ಬೆರಳು ನೋಡ್ಕೋ. ಚಿಕ್ಕೋಳಿದ್ದಾಗಿಂದ ಅದೇ.

ನಾನು ಸೋಮಾರಿತನ ಮಾಡಿದೆ ಅಂತ ನೀನು ತಿಳ್ಕೊಂಡಿದ್ದೀಯ. ಒಬ್ಬಳೇ ಇದ್ದೆ, ಕೆಲಸ ಜಾಸ್ತಿ ಇತ್ತು, ರುಚಿ ನೋಡದೆ ಹೆಚ್ಚಿ ಹಾಕಿದಳು, ಆಮೇಲೆ ಭಯಕ್ಕೆ ಸುಳ್ಳು ಹೇಳಿದಳು ಅಂತ. ಅದು ತಪ್ಪು ಕಣೆ. ನಾನು ನೋಡಿದೆ. ಈ ಮಣೆ ಮೇಲೆ, ಇದೇ ಚಾಕುವಿನಲ್ಲಿ, ಇಪ್ಪತ್ತಾರು ಕಾಯಿಯ ತುದಿ ಕುಯ್ದು ಇಪ್ಪತ್ತಾರು ಚೂರು ಬಾಯಿಗೆ ಹಾಕ್ಕೊಂಡೆ. ಒಂದೂ ಬಿಡಲಿಲ್ಲ. ನಿನ್ನ ಮೇಲೆ ಆಣೆ. ಅಷ್ಟು ಮಾಡಿದ್ದೀನಿ ನಾನು. ಆದ್ದರಿಂದ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ, ನೋಡಿದೆ ಅಂದದ್ದು ನಿಜ, ಕಹಿ ಸಿಗಲಿಲ್ಲ ಅಂದದ್ದೂ ನಿಜ. ಮತ್ತೆ ಇನ್ನೇನು ಬೇಕು? ಕೆಲವು ಸಲ ಹಾಗಾಗುತ್ತೆ. ಯಾರ ತಪ್ಪೂ ಅಲ್ಲ. ನಾಲ್ಕು ತಿಂಗಳು ಕಳೆದರೆ ಎಲ್ಲ ಮರೀತಾರೆ, ಆಗ ನಾನೇ ಮೇಡಂ ಹತ್ತಿರ ಮಾತಾಡಿ ನಿನ್ನನ್ನ ಮತ್ತೆ ಸೇರಿಸ್ತೀನಿ. ಸರಿ ತಾನೆ? ಹಾಗೆ ಮಾಡೋಣ.

ಸಾಕು, ಈ ಅಳು ಮುಖ ನನಗೆ ಒಪ್ಪಲ್ಲ. ಆ ಚೀಲದಲ್ಲೇನು? ಏನೋ ಹಸಿರು ಕಾಣ್ತಿದೆ. ಸೌತೆಕಾಯಿನಾ? ನಿಮ್ಮಣ್ಣನಿಗೆ ಇರಬೇಕು. ಅಣ್ಣನಿಗೆ ಮಾತ್ರ ತರ್ತೀಯ, ಅತ್ತಿಗೆ ಅಂದರೆ ಲೆಕ್ಕಕ್ಕಿಲ್ಲ. ಕುಯ್ಯಿ, ಒಂದನ್ನ ಇಲ್ಲೇ ಮುಗಿಸೋಣ, ಅವರಿಗೆ ಹೇಳೋದು ಬೇಡ. ಇಕೋ ಚಾಕು... ಸರಿ, ನಿನ್ನದೇ ಇದೆಯಾ. ಈ ಕುಡುಗೋಲಲ್ಲಿ ಸೌತೆಕಾಯಿ ಕುಯ್ಯೋಳು ಲೋಕದಲ್ಲಿ ನೀನೊಬ್ಬಳೇ.

ಕೊಡು. ಹಾಂ, ದಪ್ಪ ಚೂರು ನನಗಿರಲಿ.

ಆಹಾ. ಎಷ್ಟು ತಣ್ಣಗಿದೆ. ಎಳೇದು, ಬೀಜವೂ ಕಟ್ಟಿಲ್ಲ, ಕರುಕುರು ಅಂತಿದೆ. ಮೇಲಿರೋ ಆ ಅರವತ್ತು ಜನರ ಬಾಯಿಗೆ ಒಂದೊಂದು ಚೂರು ಇಟ್ಟರೆ ಸಾಕು ಕಣೆ, ಮೀಟಿಂಗೇ ಬೇಡ. ಏನು ರುಚಿ, ಏನು ಸಿಹಿ ಅಂತೀನಿ. ನಿನ್ನ ಕೈಯಲ್ಲಿ ಬೆಳೆದದ್ದು ಯಾವತ್ತೂ ಸಿಹಿಯೇ. ಇನ್ನೊಂದು ಚೂರು ಕೊಡು.

ಕೊಡೇ. ಯಾಕೆ ಚೀಲದ ಹಿಂದೆ ಇಡ್ತೀಯ?

ನೀನು ಯಾಕೆ ತಿನ್ನಲಿಲ್ಲ? ಬಾಯಿಗೆ ಹಾಕ್ಕೊಂಡೆಯಲ್ಲ ಈಗ ತಾನೆ... ಏನದು, ಮೋರಿಗೆ ಉಗಿದೆಯಾ? ಹುಳ ಇತ್ತಾ?

ಏನು ಹಾಗೆ ನೋಡ್ತೀಯ. ಏನಾಯ್ತು? ಕಣ್ಣಲ್ಲಿ ಯಾಕೆ ನೀರು ನಿನಗೆ? ಮಾತಾಡೆ. ಒಂದು ಮಾತು ಆಡು.

ಯಾಕೆ ಕೈ ಚಾಚಿದೆ? ನನ್ನ ಬಾಯಿ ಕೆಳಗೆ ಯಾಕೆ ಅಂಗೈ ಹಿಡೀತೀಯ, ಎಳೇ ಮಗುಗೆ ಹಿಡಿದ ಹಾಗೆ...

ಉಗೀಬೇಕಾ?

...ಕಹಿನಾ?

...ತುಂಬಾನಾ?

ತಗೋ. ಉಗಿದೆ. ಹೋಗು, ಕೈ ತೊಳ್ಕೋ, ನಲ್ಲಿ ಅಲ್ಲಿದೆ. ನೀರು ಮುಕ್ಕಳಿಸೋಕೆ ನನಗೆ ಹೇಳಬೇಡ. ಮುಕ್ಕಳಿಸಿದರೂ ಅದೇ, ಬಿಟ್ಟರೂ ಅದೇ.

ಎರಡು ವರ್ಷ ಆಯ್ತು. ಆ ಜ್ವರ ಬಂದಿತ್ತಲ್ಲ, ಎಂಟು ದಿನ ಮಲಗಿದ್ದೆ, ನೀನೇ ಗಂಜಿ ತಂದು ಕೊಡ್ತಿದ್ದೆ. ಒಂಬತ್ತನೇ ದಿನ ಎದ್ದು ಕಾಫಿ ಕುಡಿದೆ, ಬಿಸಿನೀರು ಕುಡಿದ ಹಾಗಿತ್ತು. ಶೀತ ಇರಬೇಕು, ಹೋಗುತ್ತೆ ಅಂದ್ಕೊಂಡೆ. ಒಂದು ವಾರ, ಒಂದು ತಿಂಗಳು. ಹೋಗಲಿಲ್ಲ. ಉಪ್ಪು ಬಾಯಿಗೆ ಹಾಕ್ಕೊಂಡರೆ ಮರಳು. ಮೆಣಸಿನಕಾಯಿ ಕಚ್ಚಿದರೆ ಉರಿ ಮಾತ್ರ, ರುಚಿ ಇಲ್ಲ. ನಿಮ್ಮಣ್ಣನಿಗೂ ಗೊತ್ತಿಲ್ಲ. ಹೇಗೆ ಹೇಳಲಿ? ಅಡುಗೆಯವಳಿಗೆ ನಾಲಿಗೆ ಇಲ್ಲ ಅಂದರೆ ಯಾರು ಇಟ್ಕೊಳ್ತಾರೆ? ನಾಳೆ ಬೆಳಿಗ್ಗೆ ಆರೂವರೆಗೆ ನಾನು ಎಲ್ಲಿಗೆ ಹೋಗಲಿ?

ಡಬ್ಬಿ ಇದ್ದಾಗ ನಡೀತಿತ್ತು. ಅಳತೆ ಕೈಗೆ ಗೊತ್ತಿತ್ತು, ನಾಲಿಗೆ ಬೇಕಿರಲಿಲ್ಲ. ಅದಕ್ಕೇ ಮೇಡಂ ಹತ್ತಿರ ಅಷ್ಟು ಜಗಳ ಆಡಿದ್ದು. ಹೊಲದ್ದು ಬಂದ ಮೇಲೆ ಚಿಕ್ಕಡುಗೆಯವಳಿಗೆ ದಿನಾ ಒಂದು ಚಮಚ ಕೊಡ್ತಿದ್ದೆ, ನೋಡಮ್ಮ, ನಿನಗೆ ಸರಿ ಅನಿಸಿದರೆ ಸರಿ ಅಂತ. ದೊಡ್ಡಕ್ಕ ನನ್ನ ಮಾತಿಗೆ ಎಷ್ಟು ಬೆಲೆ ಕೊಡ್ತಾರೆ ಅಂತ ಅವಳು ಊರೆಲ್ಲ ಹೇಳ್ಕೊಂಡು ಬಂದಿದ್ದಾಳೆ. ಉಳಿದದ್ದನ್ನ ಚಿಕ್ಕ ಮಕ್ಕಳ ಮುಖ ನೋಡಿ ಸರಿ ಮಾಡ್ಕೊಳ್ತಿದ್ದೆ.

ಗುರುವಾರ ಅವಳಿರಲಿಲ್ಲ. ಆ ಇಪ್ಪತ್ತಾರು ಚೂರು ಒಂದೊಂದಾಗಿ ಬಾಯಿಗಿಟ್ಟು, ಕಣ್ಣು ಮುಚ್ಕೊಂಡು ಕಾದೆ. ಏನಾದರೂ ತಿಳಿಯುತ್ತಾ ಅಂತ. ಒದ್ದೆ, ಗಟ್ಟಿ, ಅಷ್ಟೇ. ಗೇಟಿನವನನ್ನ ಕರೆಯೋಣ ಅಂತ ಬಾಗಿಲವರೆಗೆ ಹೋದೆ. ಏನಂತ ಕರೀಲಿ? ಕಹಿ ಇದೆಯಾ ನೋಡಪ್ಪ ಅಂದರೆ, ನೀವೇ ನೋಡಿ ಅಂತಾನೆ. ವಾಪಸ್ ಬಂದೆ. ಇವಳು ಬೆಳೆದ ಕಾಯಿ ಯಾವತ್ತು ಕೆಟ್ಟಿದೆ, ಇವತ್ತು ಕೆಡೋಕೆ ಅಂತ ನನಗೆ ನಾನೇ ಹೇಳ್ಕೊಂಡೆ. ಹೆಚ್ಚಿದೆ. ಹಾಕಿದೆ. ಸಹಿ ಮಾಡಿದೆ.

ಆಮೇಲೆ ನಿನ್ನ ತಲೆಗೆ ಕಟ್ಟಿದೆ. ನೀನು ಮಾತಾಡೋಳಲ್ಲ ಅಂತ ಗೊತ್ತಿತ್ತಲ್ಲ.

ಬೇಡ, ನನ್ನ ಹೆಗಲು ಸವರಬೇಡ. ಬೈದಿದ್ದರೆ ತಡ್ಕೊಳ್ತಿದ್ದೆ.

ಕ್ರೇಟು ಕೆಳಗಿಡು. ಇಡು ಅಂದೆ. ನೀನು ಯಾವ ಕಡೆಗೂ ಹೋಗಲ್ಲ ಈಗ. ಮೇಲೆ ಬಂದು ನನ್ನ ಪಕ್ಕ ಕೂತ್ಕೋ. ನೀನು ಬಾಯಿ ಬಿಡೋದೂ ಬೇಡ, ಎಲ್ಲ ನಾನೇ ಹೇಳ್ತೀನಿ. ಪಂಪು ಕೆಟ್ಟದ್ದು, ನೀನು ಹೊಸ್ತಿಲ ಮೇಲೆ ನಿಂತು ಹೇಳಿದ್ದು, ನಾನು ತಮಾಷೆ ಮಾಡಿದ್ದು, ಬೆಂದ ಮೇಲೆ ಕಹಿ ಬಂತು ಅಂತ ಮೇಡಂ ಕಿವಿ ಮೇಲೆ ಹೂ ಇಟ್ಟದ್ದು. ಆಮೇಲೆ ನನ್ನನ್ನ ಇಟ್ಕೊಳ್ತಾರೋ ಬಿಡ್ತಾರೋ ಅವರಿಗೆ ಬಿಟ್ಟದ್ದು. ಬಿಟ್ಟರೆ ನಿನ್ನ ಹೊಲಕ್ಕೆ ಬರ್ತೀನಿ. ಕಳೆ ಕೀಳೋಕೆ ನಾಲಿಗೆ ಬೇಡ ಅಲ್ವಾ? ಆದರೆ ದಿನವಿಡೀ ನನ್ನ ಮಾತು ಕೇಳಬೇಕಾಗುತ್ತೆ, ಯೋಚನೆ ಮಾಡು.

ಒಂದು ಮಾತ್ರ ಹೇಳು ನನಗೆ, ಆಮೇಲೆ ವರ್ಷವೆಲ್ಲ ಸುಮ್ಮನಿರು. ಅವತ್ತು ಸುದ್ದಿ ಕೇಳಿ ಓಡಿ ಬಂದಾಗ ಉಳಿದ ಸೂಪಿನ ಪಾತ್ರೆಗೆ ನೀನು ಬೆರಳು ಅದ್ದಿ ನೋಡಿದೆಯಲ್ಲ. ಹೇಗಿತ್ತು? ಈ ಸೌತೆಕಾಯಿಯಷ್ಟೇ ಕಹಿನಾ?

...ಇದಕ್ಕಿಂತಲೂ?

...ಅಷ್ಟು?

ಹೂಂ. ನಡಿ, ಮೇಲೆ ಹೋಗೋಣ. ಅದನ್ನೂ ಹೇಳ್ತೀನಿ.